ಒಂದನೇ ನಂಬರಿನವನ ದತ್ತುಮಗು

ಚಂಡಮಾರುತದ ಮಳೆ ಮಧ್ಯಾಹ್ನ ಎರಡು ಗಂಟೆಗೇ ಬೆಟ್ಟದ ರಸ್ತೆಯನ್ನು ಎರಡು ಕಡೆ ನುಂಗಿಹಾಕಿತ್ತು. ಜಲಾಶಯದ ನಿಯಂತ್ರಣ ಕೊಠಡಿಯಲ್ಲಿ ಸಿಕ್ಕಿಬಿದ್ದವರು ಮೂವರು: ತೈಪೆಯಿಂದ ಹೊಸ ಯಂತ್ರ ತಂದಿದ್ದ ಇಂಜಿನಿಯರ್ ಪೇಯುನ್, ಅಂದಿನ ಪಾಳಿಯ ಚಿಯೂ, ಮತ್ತು ನಿವೃತ್ತನಾಗಿ ಹತ್ತು ವರ್ಷ ಕಳೆದರೂ ಪ್ರತಿ ಚಂಡಮಾರುತಕ್ಕೂ ಕೊಡೆ ಹಿಡಿದು ಮೇಲೆ ಹತ್ತಿಬರುವ ಮುದುಕ ಫಾಂಗ್.

ಗೋಡೆಯ ಬದಿಯಲ್ಲಿ ಬೀರುವಿನೆತ್ತರದ ಹಳೆಯ ಸರ್ವರ್ ಗುನುಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷಗಳಿಂದ ನದಿಯ ಮಟ್ಟವನ್ನು ಅಳೆದು, ನೀರು ಗುರುತು ದಾಟಿದೊಡನೆ ಕೆಳಗಿನ ಮೂರು ಊರುಗಳಲ್ಲಿ ಸೈರನ್ ಕೂಗಿಸುವುದು ಅದರ ಕೆಲಸ. ಬೆಳಗಿನಿಂದ ಅದರ ಮೈ ಕಾಯುತ್ತಿತ್ತು. ಸುಟ್ಟುಹೋಗುವ ಮುನ್ನ ಅದನ್ನು ಆರಿಸಿ, ಸೈರನ್ನಿನ ತಂತಿಯನ್ನು ಕಿತ್ತು ಹೊಸದಕ್ಕೆ ಜೋಡಿಸಬೇಕು. ಐದು ನಿಮಿಷದ ಕೆಲಸ. ಆ ಐದು ನಿಮಿಷಗಳಲ್ಲೇ ನದಿ ಏರಿದರೆ ಕೂಗಿ ಎಚ್ಚರಿಸುವವರಿಲ್ಲ ಎಂಬುದು ನೆನಪಾದಾಗಲೆಲ್ಲ ಪೇಯುನ್‌ಳ ಕಣ್ಣು ಕಿಟಕಿಯಾಚೆಯ ನದಿಯತ್ತ ಹೋಗುತ್ತಿತ್ತು. ಹಳೆಯ ದಾಖಲೆಗಳು ಹೊಸ ಯಂತ್ರಕ್ಕೆ ಇಳಿದು ಮುಗಿಯಲು ಇನ್ನೂ ಅರ್ಧ ಗಂಟೆ ಬೇಕಿತ್ತು.

"ದೊಡ್ಡಪ್ಪ, ಆ ದೆವ್ವದ ಕತೆ ಹೇಳಿಬಿಡಿ," ಎಂದ ಚಿಯೂ. "ತೈಪೆಯವರಿಗೂ ನಮ್ಮ ಬೆಟ್ಟದ ಗಾಳಿ ಸ್ವಲ್ಪ ಸೋಕಲಿ."

"ಮುಚ್ಚೋ ಬಾಯಿ. ನಿಮ್ಮಮ್ಮ ಬದುಕಿರೋದೇ ಆ ದೆವ್ವದಿಂದ."

ಮುದುಕ ಶುಂಠಿ ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಈ ಪೆಟ್ಟಿಗೆ ಒಳಗೆ ಕೂತು ಯಂತ್ರ ನಡೆಸೋದು ಯುನಿಕ್ಸ್, ಮಗಳೇ. ನಿನಗೆ ನಾನು ಪಾಠ ಹೇಳಬೇಕಾಗಿಲ್ಲ… ಆದರೆ ಮೊದಲು ಇದನ್ನ ನೋಡ್ಕೋತಿದ್ದ ಲುವೋ ಅಕ್ಕ ಇದರ ಮುಂದಿನ ಆ ಕುರ್ಚೀಲಿ ಕೂತು ಕೆಲಸ ಮಾಡೋದನ್ನ ನೀನು ನೋಡಿಲ್ಲ. ಒಳಗಿನ ಒಂದೊಂದು ಪ್ರೋಗ್ರಾಮೂ ಒಬ್ಬ ಪುಟ್ಟ ಕೆಲಸಗಾರ. ಒಬ್ಬ ನದಿ ನೀರು ಅಳೀತಾನೆ, ಅಷ್ಟೇ. ಅವನು ಕೊಟ್ಟಿದ್ದನ್ನ ಇನ್ನೊಬ್ಬ ಸೋಸ್ತಾನೆ, ಅಷ್ಟೇ. ಬೆಂಕಿ ಆರಿಸೋ ಸಾಲಲ್ಲಿ ಬಕೆಟ್ಟು ಕೈಯಿಂದ ಕೈಗೆ ಹೋದ ಹಾಗೆ ಹೋಗಿ ಹೋಗಿ, ಕೊನೆಯವನು ಸೈರನ್ ಒತ್ತುತಾನೆ… ಆ ಸಾಲು ಕಟ್ಟಿದ್ದು ಆಕೆ. ಆಮೇಲೆ ಒಂದು ವಸಂತದಲ್ಲಿ ಆಸ್ಪತ್ರೆಗೆ ಹೋದರು, ವಾಪಸ್ ಬರಲಿಲ್ಲ. ಕೆಲಸ ನಿಂತಿತೇ? ಇಲ್ಲ! ಹೆತ್ತವರು ಹೋದ ಕೆಲಸಾನ ಯುನಿಕ್ಸ್ ಬೀದಿಗೆ ಬಿಡಲ್ಲ. ಅಲ್ಲಿ ಎಲ್ಲರಿಗೂ ಮೂಲಪುರುಷ ಒಬ್ಬ ಇದಾನೆ, ಒಂದನೇ ನಂಬರಿನವನು, ಆ ಅನಾಥನನ್ನ ಅವನು ದತ್ತು ತಗೋತಾನೆ…"

ಪೇಯುನ್ ತಲೆದೂಗಿದಳು. ಅವಳು ಓದಿ ತಿಳಿದಿದ್ದ ವಿಷಯವೇ. ಆದರೂ ಓದಿದಾಗ ಮೈ ಜುಮ್ಮೆಂದಿರಲಿಲ್ಲ.

"ಹನ್ನೆರಡು ವರ್ಷದ ಹಿಂದೆ ಯಾವುದೋ ಕಂಪನಿಯವರು ಬಂದು, ಇದನ್ನ ಮ್ಯೂಸಿಯಮ್ಮಿಗೆ ಕಳಿಸಿ ಅಂದರು. ಆರಿಸಿದ್ದು ನಾನೇ, ಈ ಕೈಯಿಂದ. ಇದರ ತಲೆ ಮೇಲಿದ್ದ ಹಸಿರು ಪೊಟ್ಟಣಾನೂ ಎತ್ತಿ ಹೊಸದರ ಮೇಲಿಟ್ಟರು."

ಯಂತ್ರ ತಂಟೆ ಮಾಡದೆ ಮಾತು ಕೇಳಿಕೊಂಡಿರಲೆಂದು ಆ ನಾಡಿನವರೆಲ್ಲ ಯಂತ್ರಗಳ ಮೇಲೆ ಹರಕೆಯಂತೆ ಇಡುವ ಜೋಳದ ಕುರುಕಲಿನ ಪೊಟ್ಟಣವದು.

"ಅದರ ತಾರೀಖು ಮುಗಿದಿತ್ತಂತೆ!" ಚಿಯೂ ನಕ್ಕ. "ಹೊಸದು ಕೆಟ್ಟಿದ್ದಕ್ಕೆ ತನಿಖೆ ವರದಿಯಲ್ಲಿ ಅದೇ ಮೊದಲನೇ ಕಾರಣ."

ಪೇಯುನ್ ಎದ್ದುಹೋಗಿ ತಾನು ತಂದಿದ್ದ ಪೊಟ್ಟಣದ ತಾರೀಖನ್ನು ಓದಿ ಬಂದಳು. ಮುಂದಿನ ವರ್ಷದ್ದು.

"ಮೂರನೇ ವಾರಕ್ಕೆ ಇಂಥದ್ದೇ ಮಳೆ. ಎರಡು ಗಂಟೆ ಹದಿನಾರು ನಿಮಿಷಕ್ಕೆ ಹೊಸದರ ಪರದೆ ಕಪ್ಪಾಯ್ತು. ಫೋನ್ ಎತ್ತಿದೆ, ಲೈನ್ ಸತ್ತಿತ್ತು. ನದಿ ಗುರುತು ದಾಟ್ತಾ ಇದೆ, ನಾನು ಕಿಟಕಿ ತೆಗೆದು ಹುಚ್ಚನ ಹಾಗೆ ಕಿರಚ್ತಾ ಇದೀನಿ… ಆಗ ಕೂಗ್ತಲ್ಲ ಮಗಳೇ, ಸೈರನ್! ಮೂರೂ ಊರಿನ ಜನ ಗುಡ್ಡ ಹತ್ತಿದರು. ಇವನಮ್ಮ ಒಲೆ ಮೇಲಿನ ಗೆಣಸಿನ ಗಂಜಿ ಬಿಟ್ಟು ಓಡಿದಳು. ತಿರುಗಿ ನೋಡಿದರೆ, ನಾನೇ ಆರಿಸಿದ್ದ ಈ ಹಳೆಯದು ದೀಪ ಉರಿಸಿಕೊಂಡು ಕೂತಿದೆ. ಕೀಲಿ ಒತ್ತಿ, ಒಳಗೆ ಯಾರಿದಾರೆ ಅಂತ ಅದನ್ನೇ ಕೇಳಿದೆ… ಕೇಳಿದರೆ ಯುನಿಕ್ಸ್ ಹೆಸರು ಹೇಳುತ್ತೆ, ಅಲ್ವಾ? ಒಂದೇ ಸಾಲು ಬಂತು. ಲುವೋ. ಮೊದಲನೇ ಟರ್ಮಿನಲ್. ಒಳಬಂದದ್ದು ಎರಡು ಹದಿನಾರಕ್ಕೆ… ಆಕೆ ಕೆಲಸ ಮಾಡ್ತಿದ್ದ ಪರದೆ, ಕೀಲಿಮಣೆ ಎರಡೂ ಸೇರಿದ ಆ ಟರ್ಮಿನಲ್ಲನ್ನ ಗುಜರಿಗೆ ಹಾಕಿ ಆರು ವರ್ಷ ಆಗಿತ್ತು."

ಪೇಯುನ್ ಹಳೆಯ ಯಂತ್ರದತ್ತ ತಿರುಗಿದಳು.

"ಹಾಗಾದರೆ ಇದನ್ನ ಆರಿಸಬಾರದಾ ದೊಡ್ಡಪ್ಪ?"

"ಯಾಕೆ ಬಾರದು? ನೀನು ತಂದಿರೋದೂ ಅದೇ ವಂಶದ್ದು. ಹೆಸರು ಬೇರೆ, ಪೆಟ್ಟಿಗೆ ಬೇರೆ. ಒಳಗೆ ಅದೇ ಒಂದನೇ ನಂಬರಿನವನು. ಬ್ಯಾಂಕಲ್ಲಿ, ಆಸ್ಪತ್ರೇಲಿ, ನಿನ್ನ ಜೇಬಿನ ಫೋನಲ್ಲೂ… ಸತ್ತಿರೋದು ಯಾರು ಹೇಳು?"

ದಾಖಲೆಗಳು ಇಳಿದು ಮುಗಿದವು. ಪೇಯುನ್ ಹಳೆಯದನ್ನು ಆರಿಸುವ ಆಜ್ಞೆಯನ್ನು ಒತ್ತಿದಳು. ಹಳೆಯ ಯಂತ್ರದ ದೀಪಗಳು ಒಂದೊಂದಾಗಿ ನಂದಿದವು. ಇಪ್ಪತ್ತೊಂಬತ್ತು ವರ್ಷಗಳ ಗುನುಗು ನಿಂತಿತು. ತಿರುಪು ಬಿಚ್ಚಿ ತಂತಿಯನ್ನು ಕೀಳುವಷ್ಟರಲ್ಲಿ ಕಿಟಕಿಯ ಬಳಿಯಿಂದ ಚಿಯೂ ಅರಚಿದ: "ಅಕ್ಕಾ! ನೀರು ಗುರುತು ದಾಟ್ತು!"

ಅವಳ ಬೆರಳಿನಿಂದ ತಿರುಪು ಜಾರಿಬಿತ್ತು. ಮಂಡಿಯೂರಿ ನೆಲವನ್ನು ತಡಕಾಡಿದಳು.

ಆಗ ಕಣಿವೆಯ ತಳದಿಂದ ಸೈರನ್ ಎದ್ದಿತು. ಮೊದಲ ಊರು, ಎರಡನೆಯದು, ಮೂರನೆಯದು. ಬೆಟ್ಟವೇ ಬಾಯ್ದೆರೆದು ಕೂಗಿದಂತೆ. ಗುಡ್ಡದ ದಾರಿಯಲ್ಲಿ ಬಣ್ಣಬಣ್ಣದ ಮಳೆಯಂಗಿಗಳು ಸಾಲಾಗಿ ಮೇಲೇರತೊಡಗಿದವು.

"ಅಬ್ಬಾ! ಜೋಡಿಸಿಬಿಟ್ಟಿರಾ ಅಕ್ಕ! ಕೈ ಅಂದರೆ ಕೈ!"

ಪೇಯುನ್ ತನ್ನ ಕೈ ನೋಡಿಕೊಂಡಳು. ಯಾವ ಯಂತ್ರಕ್ಕೂ ಜೋಡಿಸದ ತಂತಿಯ ತುದಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಫಾಂಗ್ ತಲೆಯ ಟೋಪಿಯನ್ನು ತೆಗೆದು ಎದೆಗೊತ್ತಿ ನಿಂತಿದ್ದ. "ನಿಧಾನವಾಗಿ ಜೋಡಿಸು, ಮಗಳೇ. ಅಲ್ಲೀತನಕ ಆಕೆ ನೋಡ್ಕೋತಾರೆ… ಸ್ವಲ್ಪ ಈ ಕಡೆಯಿಂದ ಸುತ್ತಿ ಬಾ. ಆ ಕುರ್ಚಿ ಖಾಲಿ ಇಲ್ಲ."