ನಾಗಿರಾ ಮನೆಯ ಬಿಳಿ ಗೋಡೆಯ ಮೇಲಿನ ಕಂದು ಗುರುತು

ನನ್ನ ಹೆಸರು ತೋಮೆ ಕುಸಾಕಾ, ದಿವಂಗತ ಶೋಹೆ ಕುಸಾಕಾ ಅವರ ಹೆಂಡತಿ, ವಯಸ್ಸು 58, ಕಸುಬು ಗಾರೆಗೆ ನಾರು ಹದ ಮಾಡುವುದು, ವಾಸ ಶಿಮಾನೆ ಪ್ರಾಂತದ ಕವಾಶಿರೊ ಊರಿನ ಕೆಳಬೀದಿ. ಗಾರೆ ಮೇಸ್ತ್ರಿ ನಾಗಿರಾ ಅವರು, ತಮ್ಮ ಮನೆಯ ಗೋಡೆ ಕೆಡಿಸಿದ್ದೇನೆಂದು ನನ್ನ ಮೇಲೆ ದೂರು ಕೊಟ್ಟಿರುವುದರಿಂದ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಕೆಡಿಸಿದ್ದು ನಾನೇ.

ನಾಗಿರಾ ನನ್ನ ಯಜಮಾನರ ಶಿಷ್ಯರು. ನಮ್ಮ ಮನೆಯಲ್ಲೇ ಉಂಡು ಕರಣೆ ಹಿಡಿಯಲು ಕಲಿತವರು. ಹೋದ ವರ್ಷ ಅಕ್ಕಿ ಮದ್ಯದ ಅಂಗಡಿಯವರ ಉಗ್ರಾಣದ ಮುಂಗೋಡೆಯ ಮೇಲೆ ನನ್ನ ಯಜಮಾನರು ಗಾರೆಯಲ್ಲಿ ಎರಡು ಕೊಕ್ಕರೆ ಮೂಡಿಸಿ, ಮೂಲೆಯಲ್ಲಿ ತಮ್ಮ ಗುರುತು ಹಾಕಿದ್ದರು. ಗುರುತೆಂದರೆ ಬೆಟ್ಟದಂತೆ ಕೂಡುವ ಎರಡು ಓರೆ ಗೆರೆ, ಅದರಡಿ ಒಂದು ಅಡ್ಡ ಗೆರೆ. ಅದೇ ಅವರ ಕೊನೆಯ ಕೆಲಸ. ನವೆಂಬರಿನಲ್ಲಿ ತೀರಿಕೊಂಡರು. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿಸಿ ಆ ದಾರಿಯಲ್ಲಿ ಬರುವಾಗ ನೋಡಿದರೆ, ಗುರುತನ್ನು ಕೆರೆದು ಆ ಜಾಗದಲ್ಲಿ ನಾಗಿರಾ ಹೆಸರು ಕೆತ್ತಲಾಗಿತ್ತು.

ಕೇಳಲು ಹೋದೆ. ಅವರು ಬಾಗಿಲಲ್ಲೇ ನಿಂತು, ಸತ್ತೋರನ್ನ ಕೆಲಸಕ್ಕೆ ಯಾರು ಕರೀತಾರೆ ಅತ್ತಿಗೆ, ಹೆಸರು ಬೇಕಾಗಿರೋದು ಬದುಕಿರೋನಿಗಲ್ವಾ ಎಂದರು. ಬಾಯಿ ಮುಚ್ಕೊಂಡಿದ್ರೆ ನಾರು ಬಡಿಯೋ ಕೆಲಸನಾದ್ರೂ ನಿಮಗೆ ಉಳಿಯುತ್ತೆ ಎಂದೂ ಹೇಳಿದರು. ಮರುದಿನದಿಂದ ಅವರ ಕೆಲಸಕ್ಕೇ ನಾರು ಬಡಿಯಲು ಹೋದೆ.

ಈ ಏಪ್ರಿಲ್‌ನಲ್ಲಿ ಅವರು ಗಿರಾಕಿಗಳ ಕಣ್ಣಿಗೆ ಬೀಳಲೆಂದು ತಮ್ಮ ಹೊಸ ಮನೆಗೆ ರಸ್ತೆಯ ಕಡೆ ದೊಡ್ಡ ಬಿಳಿ ಗೋಡೆ ಎಬ್ಬಿಸಿದರು. ಸುಣ್ಣದ ಗಾರೆ ಬಿರಿಯದಿರಲು ಅದಕ್ಕೆ ಭಂಗಿ ಗಿಡದ ನಾರು ಬೆರೆಸುತ್ತೇವೆ. ಬಿಳಿ ಗೋಡೆಗಾದರೆ ಆ ನಾರನ್ನು ತೊಳೆದು, ಬಿಸಿಲಿಗೆ ಹಾಕಿ ಬಿಳುಪು ಮಾಡಬೇಕು. ಇಲ್ಲದಿದ್ದರೆ ತೇವ ಹಿಡಿದಾಗ ಅದರ ಕಂದು ರಸ ಹೊರಗೆ ಬರುತ್ತದೆ. 17ನೇ ತಾರೀಖು ಮಧ್ಯಾಹ್ನ 3 ಗಂಟೆಗೆ ಎಲ್ಲರೂ ಚಹಾಕ್ಕೆಂದು ಹಿತ್ತಲಿಗೆ ಹೋದರು. ನಾಗಿರಾ ಎರಡು ಚಿಲುಮೆ ಸೇದದೆ ಏಳುವವರಲ್ಲ. ಆ ಚಟ ನಮ್ಮ ಮನೆಯಲ್ಲೇ ಹತ್ತಿದ್ದು. ಅಷ್ಟರಲ್ಲಿ ನಾನು ತೊಳೆಯದ ನಾರನ್ನು ಹಸಿ ಗಾರೆಯೊಳಗೆ ಒತ್ತಿ, ನನ್ನಷ್ಟೇ ಎತ್ತರಕ್ಕೆ ಯಜಮಾನರ ಗುರುತು ಬರೆದು, ಮೇಲೆ ತೆಳ್ಳಗೆ ಗಾರೆ ಎಳೆದೆ. ಕೊನೆಯ ಬಿಳಿ ಪದರವನ್ನು ಮೇಸ್ತ್ರಿಯೇ ಹಚ್ಚುವುದು ಪದ್ಧತಿ. ನಾಗಿರಾ ತಮ್ಮ ಕೈಯಾರೆ ಹಚ್ಚಿದರು. ಊರವರು ಹೊಗಳಿದರು. ನಾನೂ ಹೊಗಳಿದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗುರುತು ಮೂಡಿತು. ಶೋಹೆ ಮೇಸ್ತ್ರಿ ಶಿಷ್ಯನ ಕೆಲಸ ನೋಡೋಕೆ ಬಂದವ್ರೆ ಎಂದು ಜನ ರಸ್ತೆಯಲ್ಲಿ ನಿಂತು ನಗಾಡಿದರು. ನಾಗಿರಾ ಎರಡು ಸಲ ಮೇಲ್ಪದರ ಕೆರೆದು ಬಿಳಿ ಹಚ್ಚಿದರು; ಎರಡು ಸಲವೂ ಗುರುತು ಮರಳಿ ಬಂತು. ನಿನ್ನೆ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು, ಏನ್ ಮಾಡಿದ್ರೆ ಹೋಗುತ್ತೆ ಹೇಳಿ ಅತ್ತಿಗೆ ಎಂದರು. ಕೊಕ್ಕರೆ ಕೆಳಗಿರೋ ನಿನ್ ಹೆಸರು ಮೊದ್ಲು ಹೋಗ್ಲಿ ಎಂದೆ. ಅವರು ನಾರು ನೆನೆಹಾಕಿದ್ದ ತೊಟ್ಟಿಯನ್ನು ಒದ್ದು, ನೆಟ್ಟಗೆ ಇಲ್ಲಿಗೆ ಬಂದರು.

ಕ್ಷಮೆ ಕೇಳಿದರೆ ಇಲ್ಲಿಗೇ ಮುಗಿಸಬಹುದೆಂದು ಠಾಣೆಯವರು ತಿಳಿಸಿದರು. ನಾನು ಕೇಳುವುದಿಲ್ಲ. ಗೋಡೆಯನ್ನು ಪೂರ್ತಿ ಕೆಡವದೆ ಆ ಗುರುತು ಹೋಗುವುದಿಲ್ಲ. ಕೆಡವಿದರೆ, ಹೊಸ ಗೋಡೆಗೆ ನಾರು ಹದ ಮಾಡಿಕೊಡಲು ನಾನು ಸಿದ್ಧಳಿದ್ದೇನೆ. ಈ ಕಣಿವೆಯಲ್ಲಿ ಆ ಕೆಲಸ ಬಲ್ಲವರು ಬೇರೆ ಯಾರೂ ಇಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಕವಾಶಿರೊ ಠಾಣೆ
ದಿನಾಂಕ: 3 ಜುಲೈ 1957
ಸಹಿಯ ಬದಲು ಮನೆಯ ಮುದ್ರೆ ಒತ್ತಿರುತ್ತಾರೆ: ಎರಡು ಓರೆ ಗೆರೆ, ಅಡಿಯಲ್ಲಿ ಒಂದು ಅಡ್ಡ ಗೆರೆ.