ತಪ್ಪು ಓದುವ ಉಪಾಯ

ವಿಶೇಷ ಪಾಠ ಇನ್ನೂ ಬೇಕೇ ಎಂದು ಮಕ್ಕಳನ್ನು ಮತ್ತೆ ಪರೀಕ್ಷಿಸುವ ಶಾಲಾ ಕೋಣೆಯ ಹೊರಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜ, ಮೊಮ್ಮಗಳು.

"ಹೋದ ಸಲ ಮೇಜಿನಡಿ ಸೇರ್ಕೊಂಡು ಈಚೆಗೇ ಬರ್ಲಿಲ್ಲ ನೀನು!"

"ಆಗ ಚಿಕ್ಕೋಳು. ಈ ಸಲ ಬೇಕಂತಲೇ ತಪ್ಪುತಪ್ಪಾಗಿ ಓದ್ತೀನಿ."

"ಯಾಕಮ್ಮಾ ತಾಯಿ?"

"ಸರಿಯಾಗಿ ಓದಿದ್ರೆ ವಿಶೇಷ ಪಾಠ ನಿಲ್ಲಿಸ್ತಾರಂತೆ. ಆಮೇಲೆ ನಮ್ಮ ಮಿಸ್ ನಂಗೆ ಸಿಗಲ್ಲ."

ಅಜ್ಜ ಜೋರಾಗಿ ನಕ್ಕರು. "ಅಬ್ಬಾ ಕಿಲಾಡಿ!"

"ಶ್! ಗೋಡೆ ಮೇಲೆ ಬರ್ದಿರೋದು ಕಾಣಲ್ವಾ ಅಜ್ಜ? 'ಒಳಗೆ ಪರೀಕ್ಷೆ ನಡೆಯುತ್ತಿದೆ, ದಯವಿಟ್ಟು ನಿಶ್ಶಬ್ದವಾಗಿರಿ.'"

ಪರೀಕ್ಷೆ ಮಾಡುವಾಕೆ ಬಾಗಿಲಲ್ಲೇ ನಿಂತಿದ್ದರು. "ನಿನ್ನ ಓದೋ ಪರೀಕ್ಷೆ ಇಲ್ಲೇ ಮುಗೀತು, ಬಾ ಪುಟ್ಟಿ. ಇನ್ನು ಲೆಕ್ಕ."

ಹುಡುಗಿಯ ಮುಖ ಬಾಡಿತು, ಮರುಕ್ಷಣವೇ ಅರಳಿತು.

"ಲೆಕ್ಕ ನಂಗೆ ನಿಜವಾಗ್ಲೂ ಬರಲ್ಲ!" ಎನ್ನುತ್ತಾ ಕುಣಿದುಕೊಂಡು ಒಳಗೆ ಹೋದಳು.