ಪ್ಲಮ್ ಮರದ ಹೇನು

...ಮೊದ್ಲು ಕೂತ್ಕೊಳ್ಳಿ ಸ್ವೆಟೋಜಾರ್ ಭಾವ, ನಿಂತೇ ಇದ್ರೆ ಬೆಳೆಗೆ ಬಿದ್ದ ಹೇನು ಕಮ್ಮಿ ಆಗುತ್ತಾ? ಆ ನಾರಿನ ಭಂಗಿ ಎಲೆ ಇಲ್ಲಿ ಮೇಜಿನ ಮೇಲಿಡಿ. ಹೂಂ... ಎಲೆ ಹಿಂದೆಲ್ಲಾ ಹೇನೇ. ಹಸಿರು ಹೇನು. ಹೋದ ವರ್ಷದ್ದೇ.

ಗಾಳಿಗೆ ಬಂದಿರುತ್ತೆ ಬಿಡಿ. ಹೇನು ಹೋಗ್ಲಿ ಅಂತ ನಿಮ್ಮ ಪ್ಲಮ್ ತೋಪು ಕಡಿಸಿದ್ರೇನು, ಬಾಚ್ಕಾ ಸೀಮೆಯಲ್ಲಿ ಬೇರೆ ಯಾರ ಹಿತ್ತಲಲ್ಲೂ ಪ್ಲಮ್ ಇಲ್ವಾ? ಚಳಿಗಾಲ ಆ ಮರದಲ್ಲಿ ಮೊಟ್ಟೆಯಾಗಿದ್ದು, ಬೇಸಿಗೆಗೆ ನಾರಿನ ಬೆಳೆಗೆ ಹಾರ್ಕೊಂಡು... ಯಾಕೆ ಹಾಗೆ ನೋಡ್ತೀರಾ? ಸಹಕಾರ ಸಂಘದಲ್ಲಿ ಬೆಳೆ ಪರೀಕ್ಷೆ ಮಾಡೋಳು ನಾನಾ, ನೀವಾ?

ಭೂತಗನ್ನಡಿ ಯಾಕೆ ತಂದ್ರಿ? ನನ್ನ ಹತ್ರ ಇಲ್ವಾ?... ಸರಿ, ಕೊಡಿ.

ನೋಡ್ದೆ. ಹೇನಿನ ತಲೆ ಮೇಲೆ ಕೂದಲಿದೆ, ತುದಿ ಗುಂಡಗೆ, ಗುಂಡುಸೂಜಿ ಥರ. ಹೌದು, ಭಂಗಿ ಹೇನು. ಪ್ಲಮ್ ಹೇನಿಗೆ ಹಾಗಿರಲ್ಲ. ಇದು ಪ್ಲಮ್ ಮರದ ಹತ್ರಾನೂ ಹೋಗಲ್ಲ. ಹೊಲದಲ್ಲಿ ಬಿಟ್ಟ ಹಳೇ ಭಂಗಿ ದಂಟಿನ ಮೇಲೇ ಮೊಟ್ಟೆ ಇಡುತ್ತೆ. ದಂಟು ಸುಟ್ಟಿದ್ರೆ ಸಾಕಿತ್ತು... ಆಯ್ತಲ್ಲ, ತಪ್ಪಾಯ್ತು! ಎರಡೂ ಒಂದೇ ಥರ ಕಾಣ್ತವೆ, ಎಂಥವರೂ ಮೋಸ ಹೋಗ್ತಾರೆ.

ಬೈರಿ ಭಾವ. ನಿಮ್ಮಪ್ಪ ನೆಟ್ಟ ಮರಗಳು, ನನ್ನ ಮಾತು ಕೇಳಿ ಬುಡಸಮೇತ ಕಡಿಸಿದ್ರಿ. ಬೈರಿ. ಆ ಎಲೇನ ಯಾಕೆ ನನ್ನ ಮುಂದೆ ತಳ್ತೀರಾ?

...

ಹೂಂ. ಮದುವೆಗೆ ಮುಂಚಿಂದ ಇದೇ ಕೆಲಸ ಮಾಡ್ತಿದೀನಿ. ಇವೆರಡು ನನಗೆ ಅದಲುಬದಲಾಗಲ್ಲ. ಅದು ನಿಮಗೂ ಗೊತ್ತು. ಅದಕ್ಕೇ ತಾನೇ ಬಂದಿದ್ದು?

ಗೊತ್ತಿದ್ದೇ ಹೇಳಿದೆ ಭಾವ.

ನಿಮ್ಮ ತಮ್ಮ, ನನ್ನ ಗಂಡ, ಕುಡಿದು ಲಿವರ್ ಕೆಟ್ಟು ಆಸ್ಪತ್ರೆಯಲ್ಲಿ ಹಳದಿಯಾಗಿ ಮಲಗಿದ್ದಾಗ ದಿಂಬಿನ ಕೆಳಗೆ ಪ್ಲಮ್ ಬ್ರಾಂದಿ ಶೀಶೆ ಇಟ್ಟೋರು ಯಾರು? ಡಾಕ್ಟರು ಒಂದು ಹನಿ ಕೂಡದು ಅಂದಿದ್ರು. ನೀವು, 'ನಮ್ಮ ಮರದ ಹಣ್ಣು, ನಮ್ಮ ಭಟ್ಟಿ, ಇದು ಬ್ರಾಂದಿ ಅಲ್ಲ, ಔಷಧಿ' ಅಂದ್ರಿ. ನಗ್ತಾ ಅಂದ್ರಿ. ಮಣ್ಣು ಮಾಡಿದ ದಿನ ಗೋರಿಗೂ ಅದನ್ನೇ ಒಂದು ಲೋಟ ಸುರಿದ್ರಿ, ಝಾರ್ಕೊ ಆತ್ಮಕ್ಕೆ ಅಂತ. ಪದ್ಧತಿ! ಎಲ್ಲರೂ ತಲೆ ಬಗ್ಗಿಸಿದ್ರು. ನಾನೂ ಬಗ್ಗಿಸಿದೆ.

ಅವತ್ತು ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಮರಗಳು ಬೀಳೋದನ್ನ ನೋಡಿದ್ರೆ ಏನಾದ್ರೂ ಅನ್ಸುತ್ತೆ ಅಂದ್ಕೊಂಡೆ. ಬೇಲಿ ಹತ್ರ ನಿಂತು ಕೊನೇ ಮರದವರೆಗೂ ನೋಡ್ದೆ. ಏನೂ ಅನ್ಸಲಿಲ್ಲ. ಒಳಗೆ ಬಂದು ಆಲೂಗಡ್ಡೆ ಸುಲಿದೆ.

ಏಳ್ಬೇಡಿ... ಅಯ್ಯೋ, ಭಾವ? ಅಳ್ತಿದ್ದೀರಾ?

ಯಾರಿಗೆ? ಮರಗಳಿಗಾ, ನಿಮ್ಮ ತಮ್ಮನಿಗಾ? ಅದೊಂದು ಹೇಳಿ ಹೋಗಿ.